ವಸಡಿನಲ್ಲಿ ರಕ್ತ: ಬ್ರಷ್ ಬಿಡಬೇಕೆ, ಆಸ್ಪತ್ರೆಗೆ ಓಡಬೇಕೆ?

ಹಲ್ಲುಜ್ಜಿ ಉಗುಳಿದಾಗ ಕೆಂಪು ಕಂಡರೆ ಏನು ಮಾಡಬೇಕು ಎಂಬ ಪ್ರಶ್ನೆ ಈ ಸಲ ಹಲವು ಊರುಗಳಿಂದ ಬಂದಿದೆ. ಪತ್ರ ಬರೆದವರ ಹೆಸರು ಬಿಟ್ಟು, ಊರನ್ನಷ್ಟೇ ಉಳಿಸಿಕೊಂಡು, ಪ್ರಶ್ನೆಗಳನ್ನು ಚುಟುಕಾಗಿಸಿ ಕೊಟ್ಟಿದ್ದೇವೆ. ಅಂಕಣದ ದಂತವೈದ್ಯರು ಉತ್ತರಿಸಿದ್ದಾರೆ.

ನನಗೆ 34 ವರ್ಷ. ಆರು ತಿಂಗಳಿಂದ ಕೆಳಗಿನ ಮುಂದಿನ ಹಲ್ಲುಗಳ ಬುಡದಲ್ಲಿ ರಕ್ತ ಬರುತ್ತಿದೆ. ನೋವಿಲ್ಲ. ಅಲ್ಲಿ ಬ್ರಷ್ ತಾಗಿಸದೆ ಬೆರಳಲ್ಲಿ ಉಪ್ಪು ಹಚ್ಚಿ ತಿಕ್ಕುತ್ತೇನೆ. ಮೆಡಿಕಲ್ ಶಾಪಿನವರು ಕೊಟ್ಟ ವಿಟಮಿನ್ ಸಿ ಮಾತ್ರೆಯನ್ನು ಎರಡು ತಿಂಗಳು ಚೀಪಿದರೂ ಗುಣ ಕಾಣಲಿಲ್ಲ. — ಹುಬ್ಬಳ್ಳಿ

ನೀವು ಬ್ರಷ್ ತಾಗಿಸದೆ ಬಿಟ್ಟಿರುವ ಜಾಗಕ್ಕೇ ಬ್ರಷ್ ಹೆಚ್ಚು ಬೇಕಿರುವುದು. ಹಲ್ಲು ಮತ್ತು ವಸಡು ಕೂಡುವ ಗೆರೆಯಲ್ಲಿ ಮೆತ್ತನೆಯ ಬಿಳಿ-ಹಳದಿ ಪದರವೊಂದು ಕೂರುತ್ತದೆ. ಉಗುರಿನಲ್ಲಿ ಕೆರೆದರೆ ಕಲಸಿದ ಹಿಟ್ಟಿನಂತೆ ಬರುತ್ತದಲ್ಲ, ಅದೇ. ಪಾಚಿ ಎನ್ನುತ್ತೇವೆ. ಅದು ಸಂದಿನಲ್ಲಿ ಉಳಿದ ಅನ್ನವಲ್ಲ, ಬ್ಯಾಕ್ಟೀರಿಯಾಗಳ ದಟ್ಟ ಗುಂಪು. ಅದನ್ನೆದುರಿಸಲು ವಸಡಿಗೆ ರಕ್ತದ ಹರಿವು ಹೆಚ್ಚುತ್ತದೆ, ವಸಡಿನ ಒಳಪದರ ತೆಳುವಾಗಿ ಅಲ್ಲಲ್ಲಿ ಹುಣ್ಣಾಗುತ್ತದೆ. ಆಮೇಲೆ ಬ್ರಷ್ಷಿನ ಎಳೆ ಸೋಕಿದರೂ ರಕ್ತ ಒಸರುತ್ತದೆ. ಬ್ರಷ್ ಗಾಯ ಮಾಡಿತು ಅಂದುಕೊಳ್ಳುತ್ತೇವೆ. ಗಾಯ ಮೊದಲೇ ಇತ್ತು.

1965ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಇದನ್ನು ಮಾಡಿಯೇ ನೋಡಿದರು. ಆರೋಗ್ಯವಂತ ವಸಡಿನ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಹೆಚ್ಚುಕಡಿಮೆ ಒಂದು ವಾರದಲ್ಲಿ ಮೊದಲಿನಂತಾಯಿತು. ಮಾತ್ರೆ, ಟಾನಿಕ್ ಯಾವುದೂ ಬೇಕಾಗಲಿಲ್ಲ.

ಕೆಳಗಿನ ಮುಂದಿನ ಹಲ್ಲುಗಳೇ ಏಕೆ? ನಾಲಿಗೆಯಡಿಯ ಜೊಲ್ಲುಗ್ರಂಥಿಗಳ ಬಾಯಿ ತೆರೆಯುವುದು ಅಲ್ಲೇ. ಜೊಲ್ಲಿನ ಸುಣ್ಣದಂಶ ಪಾಚಿಗೆ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿ ಗಾರೆಯಾಗುತ್ತದೆ. ನಾಲಿಗೆಯ ತುದಿಯಿಂದ ಆ ಹಲ್ಲುಗಳ ಒಳಬದಿ ಸವರಿ ನೋಡಿ. ನುಣುಪಾಗಿದ್ದರೆ ಸರಿ. ತರಿತರಿಯಾಗಿ, ಹಲ್ಲು ಹಲ್ಲಿನ ನಡುವೆ ಸಿಮೆಂಟ್ ಮೆತ್ತಿದಂತೆ ಹತ್ತಿದರೆ ಅದು ಗಾರೆ. ಗಾರೆಯನ್ನು ಯಾವ ಬ್ರಷ್ಷೂ ತೆಗೆಯಲಾರದು, ದಂತವೈದ್ಯರಿಂದ ಸ್ಕೇಲಿಂಗ್ (ಯಂತ್ರದಿಂದ ಗಾರೆ ತೆಗೆಯುವುದು) ಮಾಡಿಸಲೇಬೇಕು. ಆರು ತಿಂಗಳಾಗಿದೆ ಎನ್ನುತ್ತೀರಿ, ಆದ್ದರಿಂದ ನಿಮಗೆ ಅದು ಬೇಕೇಬೇಕು ಎಂದಿಟ್ಟುಕೊಳ್ಳಿ.

ಉಜ್ಜುವ ಕ್ರಮ ಹೀಗಿರಲಿ. ಸಾಫ್ಟ್ ಎಂದು ಬರೆದಿರುವ, ತಲೆ ಚಿಕ್ಕದಿರುವ ಬ್ರಷ್ ತೆಗೆದುಕೊಳ್ಳಿ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಬ್ರಷ್ಷನ್ನು ಹಲ್ಲಿಗೆ ನೇರವಾಗಿ ಹಿಡಿಯದೆ 45 ಡಿಗ್ರಿ ಓರೆಯಾಗಿ, ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನಲ್ಲಿ ಕೂರುವಂತೆ ಹಿಡಿಯಿರಿ. ಅಲ್ಲೇ ನಡುಗಿಸಿದಂತೆ ಹತ್ತು-ಹದಿನೈದು ಸಲ ಅಲ್ಲಾಡಿಸಿ, ಆಮೇಲೆ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಗುಡಿಸಿ. ಒಂದು ಸಲಕ್ಕೆ ಎರಡು ಮೂರು ಹಲ್ಲು. ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ತುದಿಯ ಎಳೆಗಳಿಂದ ಉಜ್ಜಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ಒಂದು ಹೊತ್ತು ತಪ್ಪಿದರೂ ಅದು ರಾತ್ರಿಯದ್ದಾಗದಿರಲಿ. ಮೂರು ತಿಂಗಳಿಗೊಮ್ಮೆ, ಎಳೆ ಮೊದಲೇ ಅಗಲಿಸಿಕೊಂಡರೆ ಆಗಲೇ, ಬ್ರಷ್ ಬದಲಿಸಿ. ಮೂರೇ ವಾರಕ್ಕೆ ಎಳೆ ಅಗಲಿಸಿಕೊಂಡಿತೆಂದರೆ ಪಾತ್ರೆ ತಿಕ್ಕಿದಂತೆ ತಿಕ್ಕುತ್ತಿದ್ದೀರಿ ಎಂದರ್ಥ.

ಸಂದುಗಳಿಗೆ ಬ್ರಷ್ ತಲುಪುವುದಿಲ್ಲ. ಸುಮಾರು 45 ಸೆಂಟಿಮೀಟರ್ ಫ್ಲಾಸ್ (ಹಲ್ಲಿನ ಸಂದು ಶುಚಿ ಮಾಡುವ ದಾರ) ತೆಗೆದು ಎರಡೂ ಕೈಯ ನಡುಬೆರಳಿಗೆ ಸುತ್ತಿಕೊಂಡು, ಗರಗಸ ಎಳೆದಂತೆ ನಿಧಾನವಾಗಿ ಸಂದಿಗಿಳಿಸಿ, ಹಲ್ಲಿಗೆ ಅಪ್ಪಿಸಿ ಮೇಲೆ ಕೆಳಗೆ ಆಡಿಸಿ. ಧಡಕ್ಕನೆ ಒತ್ತಿದರೆ ವಸಡು ಕೊಯ್ಯುತ್ತದೆ. ಸಂದು ಅಗಲವಾಗಿದ್ದರೆ ಪುಟ್ಟ ಸಂದಿನ ಬ್ರಷ್ ಫ್ಲಾಸ್‌ಗಿಂತ ಚೆನ್ನ.

ಮೊದಲ ಮೂರು ನಾಲ್ಕು ದಿನ ರಕ್ತ ಇನ್ನೂ ಹೆಚ್ಚೇ ಕಾಣಬಹುದು. ಹೆದರಿ ಕೈಬಿಡಬೇಡಿ, ವಾರ-ಹತ್ತು ದಿನದಲ್ಲಿ ಇಳಿಯುತ್ತದೆ. ಎರಡು ವಾರ ಸರಿಯಾಗಿ ಉಜ್ಜಿದ ಮೇಲೂ ಇಳಿಯದಿದ್ದರೆ ಕಾರಣ ಗಾರೆ, ಇಲ್ಲವೇ ಬೇರೇನೋ.

ಇನ್ನು ಉಪ್ಪು. ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಹಿತವೇ. ಹರಳನ್ನು ತಿಕ್ಕುವುದು ಬೇಡ. ವಸಡು ತರಚುತ್ತದೆ, ಪಾಚಿ ಅಲ್ಲೇ ಇರುತ್ತದೆ. ಇದ್ದಿಲು, ಬೂದಿ, ಇಟ್ಟಿಗೆ ಪುಡಿಗೂ ಇದೇ ಮಾತು. ವಿಟಮಿನ್ ಸಿ ಕೊರತೆಯಿಂದ ವಸಡು ಊದಿ ರಕ್ತ ಬರುವ ಸ್ಕರ್ವಿ ನಿಜವಾದ ಕಾಯಿಲೆಯೇ. ಆದರೆ ತಿಂಗಳುಗಟ್ಟಲೆ ಹಣ್ಣು-ತರಕಾರಿ ಬಾಯಿಗೆ ಹೋಗದಿದ್ದರೆ ಬರುವಂಥದ್ದು: ಬರೀ ಗಂಜಿ, ಬನ್ನು, ಚಹಾದಲ್ಲಿ ದಿನ ಕಳೆಯುವ ಒಂಟಿ ವೃದ್ಧರು, ಕುಡಿತಕ್ಕೆ ಬಿದ್ದವರು. ಆಗ ವಸಡಿನ ಜೊತೆ ಕಾಲಿನ ಕೂದಲ ಬುಡದಲ್ಲಿ ಕೆಂಪು ಚುಕ್ಕೆ, ಸುಸ್ತು, ಕೀಲುನೋವು ಇರುತ್ತವೆ. ದಿನಕ್ಕೊಂದು ಸೀಬೆಹಣ್ಣು ತಿನ್ನುವವರಿಗೆ ಸ್ಕರ್ವಿ ಬರುವುದಿಲ್ಲ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ, ಸಂದು ಬೀಳುತ್ತದೆ ಎಂದು ಮನೆಯಲ್ಲಿ ಎಲ್ಲರೂ ತಡೆಯುತ್ತಿದ್ದಾರೆ. ನಿಜವೇ? — ಮೈಸೂರು

ಅವರು ಕಂಡದ್ದು ನಿಜ, ಹೇಳುವ ಕಾರಣ ತಪ್ಪು. ವರ್ಷಗಟ್ಟಲೆ ಗಾರೆ ಕೂತಾಗ ಅದರಡಿಯಲ್ಲಿ ವಸಡು ಇಳಿದು, ಹಲ್ಲು ಹಿಡಿದಿರುವ ಮೂಳೆ ಕರಗಿರುತ್ತದೆ. ಆ ಖಾಲಿ ಜಾಗವನ್ನು ಗಾರೆಯೇ ತುಂಬಿಕೊಂಡು, ಅಲ್ಲಾಡುವ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುತ್ತದೆ. ಅದನ್ನು ತೆಗೆದಾಗ ಸಂದೂ ಕಾಣುತ್ತದೆ, ಅಲುಗಾಟವೂ ತಿಳಿಯುತ್ತದೆ. ಬಿದ್ದ ಗೋಡೆಗೆ ಮಣ್ಣು ಮೆತ್ತಿದ್ದನ್ನು ಕಿತ್ತ ಹಾಗೆ. ಹಾಗೆಯೇ ಬಿಟ್ಟರೆ ಮೂಳೆ ಇನ್ನಷ್ಟು ಕರಗುತ್ತದೆ.

ಸ್ಕೇಲಿಂಗ್ ಯಂತ್ರದ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಕಂಪಿಸಿ ಗಾರೆಯನ್ನು ಸಿಡಿಸುತ್ತದೆ, ಜೊತೆಯಲ್ಲೇ ನೀರು ಚಿಮ್ಮುತ್ತಿರುತ್ತದೆ. ಸರಿಯಾಗಿ ಬಳಸಿದರೆ ಹಲ್ಲಿನ ಹೊರಪದರ ಸವೆಯುವುದಿಲ್ಲ. ಮುಗಿದ ಮೇಲೆ ಕೆಲವು ದಿನ ತಣ್ಣೀರಿಗೆ ಜುಮ್ ಎನ್ನುತ್ತದೆ. ಸ್ಕೇಲಿಂಗ್‌ಗೆ ಮೊದಲು ವೈದ್ಯರು ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯಿಂದ ಹಲ್ಲು-ವಸಡಿನ ನಡುವಿನ ಆಳ ಅಳೆಯುತ್ತಾರೆ. 1ರಿಂದ 3 ಮಿಲಿಮೀಟರ್ ಆದರೆ ಸರಿ. 4 ದಾಟಿ, ಮೂಳೆಯೂ ಇಳಿದಿದ್ದರೆ ಬೇರಿನ ಮೇಲಿನ ಗಾರೆಯನ್ನೂ ಒಳಗೆ ಹೋಗಿ ತೆಗೆಯಬೇಕು. ಅಳೆಯದೆಯೇ ಹತ್ತು ನಿಮಿಷದಲ್ಲಿ ಪಾಲಿಶ್ ಹಾಕಿ ಕಳಿಸಿದರೆ ಆಳ ಎಷ್ಟಿದೆ ಎಂದು ನೀವೇ ಕೇಳಿ. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೋ ಡೆಂಟಲ್ ಕಾಲೇಜಿನ ಹೊರರೋಗಿ ವಿಭಾಗಕ್ಕೋ ಹೋಗಬಹುದು.

ನಮ್ಮ ತಂದೆಗೆ 61. ಹೃದಯದ ಕವಾಟ ಬದಲಿಸಿ ಮೂರು ವರ್ಷವಾಯಿತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎಸಿಟ್ರೋಂ ಮಾತ್ರೆ ನಡೆದಿದೆ. ಹೋದ ವಾರ ವಸಡು ಊದಿತೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ಈಗ ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ರಕ್ತ. ಎಸಿಟ್ರೋಂ ನಿಲ್ಲಿಸಲೇ? — ಮಂಡ್ಯ

ನಿಲ್ಲಿಸಬೇಡಿ. ಇದನ್ನು ಓದಿದ ದಿನವೇ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಪಿಟಿ-ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ, ಹೃದಯದ ವೈದ್ಯರಿಗೆ ಫೋನ್ ಮಾಡಿ. ಲೋಹದ ಕವಾಟವಿದ್ದವರು ಈ ಮಾತ್ರೆಯನ್ನು ತಾವಾಗಿ ಬಿಟ್ಟರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆಯಬಹುದು.

ಅಂಗಡಿಯಿಂದ ತಂದ ಆ ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ವಸಡು ಊತಕ್ಕೆ ಸಾಮಾನ್ಯವಾಗಿ ಕೊಡುವ ಮೆಟ್ರೋನಿಡಜೋಲ್ ಮಾತ್ರೆಯು ಎಸಿಟ್ರೋಂ ದೇಹದಿಂದ ಹೊರಹೋಗದಂತೆ ತಡೆದು ಅದರ ಪ್ರಭಾವವನ್ನು ಏರಿಸುತ್ತದೆ. ಬಾಯಿಯ ಫಂಗಸ್‌ಗೆ ಹಚ್ಚುವ ಮೈಕೊನಜೋಲ್ ಜೆಲ್, ಫ್ಲುಕೊನಜೋಲ್ ಮಾತ್ರೆಯೂ ಹಾಗೆಯೇ. ಡೈಕ್ಲೋಫಿನಾಕ್, ಐಬುಪ್ರೊಫೆನ್ ನೋವಿನ ಮಾತ್ರೆಗಳು ಬೇರೆ ದಾರಿಯಿಂದ ರಕ್ತಸ್ರಾವ ಹೆಚ್ಚಿಸುತ್ತವೆ. ಕವಾಟ ಯಾವುದು ಎನ್ನುವುದರ ಮೇಲೆ ಐಎನ್‌ಆರ್ ಗುರಿ ಸಾಮಾನ್ಯವಾಗಿ 2ರಿಂದ 3.5ರ ನಡುವೆ ಇರುತ್ತದೆ. ಅದಕ್ಕಿಂತ ಬಹಳ ಮೇಲೆ ಹೋಗಿದ್ದರೆ ಏನು ಮಾಡಬೇಕೆಂದು ವೈದ್ಯರು ಹೇಳುತ್ತಾರೆ. ಮೂತ್ರ ಕೆಂಪಾದರೆ, ಮಲ ಟಾರಿನಂತೆ ಕಪ್ಪಾದರೆ, ಜೋರು ತಲೆನೋವು ಬಂದರೆ ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ರಕ್ತ ತಹಬದಿಗೆ ಬಂದ ಮೇಲೆ ವಸಡಿನ ಚಿಕಿತ್ಸೆ ಮುಂದೂಡಬೇಡಿ. ಐಎನ್‌ಆರ್ 3.5ರೊಳಗಿದ್ದರೆ ಎಸಿಟ್ರೋಂ ನಿಲ್ಲಿಸದೆಯೇ ಸ್ಕೇಲಿಂಗ್ ಮಾಡಲಾಗುತ್ತದೆ. ಇನ್ನೊಂದು ಮುಖ್ಯ ಸಂಗತಿ ದಂತವೈದ್ಯರಿಗೆ ಗೊತ್ತಿರಲಿ: ಕೃತಕ ಕವಾಟವಿದ್ದವರಿಗೆ ವಸಡು ಕೆದಕುವ ಯಾವ ಚಿಕಿತ್ಸೆಗೂ ಅರ್ಧದಿಂದ ಒಂದು ಗಂಟೆ ಮೊದಲು ಆಂಟಿಬಯಾಟಿಕ್ ಕೊಡಬೇಕು. ವಯಸ್ಕರಿಗೆ ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್, ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆಯದು. ವಸಡಿನ ಬ್ಯಾಕ್ಟೀರಿಯಾ ರಕ್ತದಲ್ಲಿ ಹೋಗಿ ಕವಾಟದ ಮೇಲೆ ಕೂರಬಾರದಲ್ಲ.

ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ನುಂಗುವವರೂ ಗಮನಿಸಿ: ಆ ಮಾತ್ರೆಗಳು ರಕ್ತ ನಿಲ್ಲುವುದನ್ನು ತಡ ಮಾಡುತ್ತವೆಯೇ ಹೊರತು ವಸಡಿನ ಊತಕ್ಕೆ ಮೂಲ ಪಾಚಿಯೇ. ಸ್ಟೆಂಟ್ ಹಾಕಿಸಿಕೊಂಡವರು ಅವನ್ನು ಒಂದು ದಿನವೂ ತಾವಾಗಿ ಬಿಡಕೂಡದು.

ಬೀಡಿ ಸೇದುತ್ತಿದ್ದಾಗ ಒಂದು ಹನಿ ರಕ್ತ ಬರುತ್ತಿರಲಿಲ್ಲ. ಬಿಟ್ಟು ಎರಡು ತಿಂಗಳಾಯಿತು, ಈಗ ಬರುತ್ತಿದೆ. ಇದೆಂಥ ನ್ಯಾಯ? — ದಾವಣಗೆರೆ

ಹೊಗೆ ವಸಡಿನ ಊತವನ್ನೂ ರಕ್ತವನ್ನೂ ಮುಚ್ಚಿಟ್ಟಿತ್ತು. ಒಳಗೆ ಮೂಳೆ ಸವೆಯುತ್ತಿದ್ದರೂ ನಿಮಗೆ ಸೂಚನೆ ಸಿಗಲಿಲ್ಲ. ಬಿಟ್ಟ ಮೇಲೆ ವಸಡು ಮತ್ತೆ ಎಲ್ಲರ ವಸಡಿನಂತೆ ವರ್ತಿಸುತ್ತಿದೆ. ಇದನ್ನು ನೆಪ ಮಾಡಿಕೊಂಡು ಬೀಡಿಗೆ ಮರಳಬೇಡಿ. ಈ ತಿಂಗಳೇ ವಸಡಿನ ಆಳ ಅಳೆಸಿ, ಬೇಕಿದ್ದರೆ ಎಕ್ಸ್‌ರೇ ತೆಗೆಸಿ. ಹೊಗೆಸೊಪ್ಪು, ಕಡ್ಡಿಪುಡಿ ಕೆನ್ನೆಯಲ್ಲಿಟ್ಟುಕೊಳ್ಳುವ ಅಭ್ಯಾಸವೂ ಇದ್ದರೆ ಆ ಜಾಗವನ್ನು ಬೊಟ್ಟು ಮಾಡಿ ತೋರಿಸಿ.

ಐದು ತಿಂಗಳ ಬಸುರಿ. ವಸಡು ಊದಿ, ರೊಟ್ಟಿ ಕಡಿದರೂ ರಕ್ತ ಬರುತ್ತದೆ. ಎರಡು ಹಲ್ಲಿನ ನಡುವೆ ಕೆಂಪು ಗಂಟೂ ಎದ್ದಿದೆ. ಹೆರಿಗೆ ಆಗುವವರೆಗೂ ಹಲ್ಲಿನ ಡಾಕ್ಟರ್ ಬಳಿ ಹೋಗಬಾರದು ಎನ್ನುತ್ತಾರೆ ಅತ್ತೆ. — ಬೆಳಗಾವಿ

ಹೋಗಲು ಇದೇ ಸರಿಯಾದ ಹೊತ್ತು. ನಾಲ್ಕರಿಂದ ಆರನೇ ತಿಂಗಳಲ್ಲಿ ವಾಂತಿ ತಗ್ಗಿರುತ್ತದೆ, ಕುರ್ಚಿಯಲ್ಲಿ ಒರಗಲು ಹೊಟ್ಟೆಯ ಭಾರವೂ ಅಷ್ಟಿರುವುದಿಲ್ಲ. ಬಸಿರಿನ ಹಾರ್ಮೋನುಗಳಿಂದ ವಸಡು ಸ್ವಲ್ಪ ಪಾಚಿಗೂ ವಿಪರೀತ ಊದುತ್ತದೆ. ಎರಡನೇ ತಿಂಗಳಿಂದ ಶುರುವಾಗಿ ಎಂಟನೇ ತಿಂಗಳವರೆಗೆ ಏರಬಹುದು. ಆ ಕೆಂಪು ಗಂಟು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ, ಬಸಿರಿನಲ್ಲಿ ಏಳುವ ಮಾಂಸದ ಗಂಟು. ಹೆರಿಗೆಯ ನಂತರ ಹೆಚ್ಚಾಗಿ ತಾನೇ ಕುಗ್ಗುತ್ತದೆ. ಆದರೂ ಒಮ್ಮೆ ವೈದ್ಯರು ನೋಡಲಿ. ಊಟಕ್ಕೆ ಅಡ್ಡಬಂದರೆ, ಬಹಳ ರಕ್ತ ಸುರಿದರೆ ಮಾತ್ರ ಮೊದಲೇ ತೆಗೆಯುತ್ತಾರೆ.

ಸ್ಕೇಲಿಂಗ್, ಸ್ಥಳೀಯ ಅರಿವಳಿಕೆ, ಅಗತ್ಯವಿದ್ದರೆ ಒಂದು ಹಲ್ಲಿನ ಎಕ್ಸ್‌ರೇ, ಇವಕ್ಕೆ ಅಡ್ಡಿಯಿಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡಾಕ್ಸಿಸೈಕ್ಲಿನ್ ಬೇಡ. ವಾಂತಿಯಾದ ತಕ್ಷಣ ಬ್ರಷ್ ಮಾಡಬೇಡಿ, ಹೊಟ್ಟೆಯ ಹುಳಿಯಿಂದ ಮೆತ್ತಗಾದ ಹಲ್ಲು ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಬಾಣಂತಿ ಬ್ರಷ್ ಮುಟ್ಟಬಾರದು ಎನ್ನುವ ಮನೆಗಳೂ ಇವೆ. ಅತ್ತೆಯವರಿಗೆ ಈ ಪುಟ ಓದಿಸಿ.

ನಮ್ಮ ಕಡೆ ಜ್ವರದ ಜೊತೆ ವಸಡಿನಲ್ಲಿ ರಕ್ತ ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ. ಯಾವುದು ಅಪಾಯದ್ದು? — ತೀರ್ಥಹಳ್ಳಿ

ದೊಡ್ಡವರಿಗೆ ಜ್ವರದ ಜೊತೆ ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರಿಗಾಗಿ ಕಾಯಬೇಡಿ. ಮೊದಲು ಆಸ್ಪತ್ರೆ, ಆಮೇಲೆ ಹಲ್ಲು.

ಮಳೆಗಾಲದಲ್ಲಿ ಮೊದಲ ಅನುಮಾನ ಡೆಂಗಿ. ಜ್ವರ ಶುರುವಾದ 3ರಿಂದ 7ನೇ ದಿನದ ನಡುವೆ ಜ್ವರ ಇಳಿಯುವ ಹೊತ್ತೇ ಕಷ್ಟದ ಹೊತ್ತು. ಜ್ವರ ಬಿಟ್ಟಿತೆಂದು ಮನೆಯವರು ನಿರಾಳವಾಗುವ ಆ ಒಂದೆರಡು ದಿನದಲ್ಲೇ ವಸಡು, ಮೂಗಿನ ರಕ್ತ, ಬಿಡದ ಹೊಟ್ಟೆನೋವು, ವಾಂತಿ, ತಣ್ಣಗಾದ ಕೈಕಾಲು ಕಂಡರೆ ದಾಖಲಾಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಪಪ್ಪಾಯಿ ಎಲೆ ರಸ ಕುಡಿಸುತ್ತ ಮನೆಯಲ್ಲಿ ಕೂರುವುದೂ ಬೇಡ.

ನಿಮ್ಮ ಕಡೆ ಡಿಸೆಂಬರಿನಿಂದ ಮೇವರೆಗೆ ಇನ್ನೊಂದು ಹೆಸರೂ ನೆನಪಿರಬೇಕು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಣುಗಿನ ಕಡಿತದಿಂದ ಬರುವಂಥದ್ದು. ದಿಢೀರ್ ಜ್ವರ, ಹಣೆ ಸಿಡಿಯುವ ನೋವು, ಮೈಕೈ ನೋವು. ಮೂರು ನಾಲ್ಕು ದಿನದ ಮೇಲೆ ಕೆಲವರಿಗೆ ವಸಡು, ಮೂಗಿನಿಂದ ರಕ್ತ. ಸೊಪ್ಪು, ದರಗು ತರಲು ಕಾಡಿಗೆ ಹೋಗಿದ್ದರೆ, ಸುತ್ತಮುತ್ತ ಮಂಗ ಸತ್ತಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿಬಿಡಿ. ಯಾವ ರಕ್ತಪರೀಕ್ಷೆ ಎನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ.

ತೋಟದಲ್ಲಿ ಏನೋ ಕಚ್ಚಿದ ಮೇಲೆ ವಸಡಿನಲ್ಲಿ ರಕ್ತ ಒಸರಿದರೆ ಕೊಳಕುಮಂಡಲದ ವಿಷ ಎಂದೇ ತಿಳಿಯಿರಿ, ಕಚ್ಚಿದ ಗುರುತು ಕಾಣದಿದ್ದರೂ ಸರಿ. ಆ ವಿಷಕ್ಕೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಒಣ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪಾಯಿತೇ ಎಂದು ನೋಡುತ್ತಾರೆ. ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ, 108ಕ್ಕೆ ಕರೆ ಮಾಡಿ.

ಜ್ವರವಿರಲಿ ಇಲ್ಲದಿರಲಿ, ಏನೂ ತಾಗದೆ ರಕ್ತ ಒಸರುತ್ತಿದ್ದರೆ, ಮೈಮೇಲೆ ಪೆಟ್ಟಿಲ್ಲದೆ ನೀಲಿಗಟ್ಟಿದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆಗಳಿದ್ದರೆ, ಮುಖ ಬಿಳಿಚಿಕೊಂಡು ತೂಕ ಇಳಿದಿದ್ದರೆ ಅಂದೇ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ನಡುವೆ ಇರಬೇಕು. ರಕ್ತದ ಕ್ಯಾನ್ಸರಿನ ಕೆಲವು ಬಗೆ ಮೊದಲು ಕಾಣಿಸಿಕೊಳ್ಳುವುದು ವಸಡಿನಲ್ಲೇ. ಲಿವರ್ ಹಾಳಾದವರಿಗೂ ಹೀಗಾಗುತ್ತದೆ.

ಎರಡು ವರ್ಷದ ಮಗುವಿಗೆ ಮೂರು ದಿನ ಜ್ವರ, ಈಗ ವಸಡೆಲ್ಲ ಕೆಂಪಗೆ ಊದಿ ರಕ್ತ, ನಾಲಿಗೆಯ ಮೇಲೆ ಗುಳ್ಳೆ. ಏನೂ ತಿನ್ನುತ್ತಿಲ್ಲ. — ಕಲಬುರಗಿ

ಹರ್ಪಿಸ್ ವೈರಸ್ಸಿನ ಮೊದಲ ಸೋಂಕಿನಂತೆ ಕಾಣುತ್ತದೆ, ಈ ವಯಸ್ಸಿನಲ್ಲಿ ಸಾಮಾನ್ಯ. 10ರಿಂದ 14 ದಿನದಲ್ಲಿ ವಾಸಿಯಾಗುತ್ತದೆ, ಆಂಟಿಬಯಾಟಿಕ್‌ನಿಂದ ಉಪಯೋಗವಿಲ್ಲ. ವೈರಸ್ ತಡೆಯುವ ಔಷಧ ಮೊದಲ ಮೂರು ದಿನದಲ್ಲಿ ಶುರುವಾದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಆದ್ದರಿಂದ ಮಕ್ಕಳ ವೈದ್ಯರಿಗೆ ಇಂದೇ ತೋರಿಸಿ. ಚುಕ್ಕೆ, ನೀಲಿಗಟ್ಟುವಿಕೆ ಇದೆಯೇ ಎಂದು ಅವರೂ ನೋಡುತ್ತಾರೆ.

ಇಲ್ಲಿ ಅಪಾಯ ರಕ್ತದ್ದಲ್ಲ, ನೀರು ಕುಡಿಯದಿರುವುದರದ್ದು. ಉಪ್ಪು-ಹುಳಿ-ಖಾರ ಇಲ್ಲದ ತಣ್ಣನೆಯ ಹಾಲು, ರಾಗಿ ಗಂಜಿ, ಓಆರ್‌ಎಸ್ ನೀರನ್ನು ಚಮಚದಲ್ಲಿ ಐದೈದು ನಿಮಿಷಕ್ಕೆ ಕೊಡಿ. ಪ್ಯಾರಾಸಿಟಮಾಲನ್ನು ತೂಕದ ಲೆಕ್ಕದಲ್ಲಿ, ಕಿಲೋಗೆ 15 ಮಿಲಿಗ್ರಾಂ, ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ನುಂಗಲು ಸುಲಭ. ಎರಡು ಡೋಸಿನ ನಡುವೆ ಆರು ಗಂಟೆ ಇರಲಿ. ಆರೆಂಟು ಗಂಟೆ ಮೂತ್ರವಾಗದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ ಆಸ್ಪತ್ರೆಗೆ ಹೋಗಿ. ಮಗುವಿನ ಬಾಯಿಗೆ ಮುತ್ತು ಕೊಡುವುದು, ಎಂಜಲು ಚಮಚ ಹಂಚಿಕೊಳ್ಳುವುದು ಸದ್ಯ ಬೇಡ.

52 ವರ್ಷ, ಸಕ್ಕರೆ ಕಾಯಿಲೆ. ವಸಡು ಒತ್ತಿದರೆ ಕೀವು, ಹಲ್ಲು ಅಲ್ಲಾಡುತ್ತವೆ. ಬಣ್ಣದ ಮೌತ್‌ವಾಷ್ ನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ, ಹಲ್ಲು ಕಂದಾಗಿವೆ. — ಬಳ್ಳಾರಿ

ಕಂದು ಬಣ್ಣ ನೋಡಿದರೆ ಅದು ಕ್ಲೋರ್‌ಹೆಕ್ಸಿಡಿನ್ ಇರಬೇಕು, ಬಾಟಲಿಯ ಮೇಲೆ ನೋಡಿ. ಶೇ 0.2ರದ್ದಾದರೆ 10 ಮಿಲಿಲೀಟರ್, ಒಂದು ನಿಮಿಷ, ದಿನಕ್ಕೆರಡು ಸಲ, ಎರಡು ವಾರಕ್ಕೆ ಅದರ ಕೆಲಸ ಮುಗಿಯಿತು. ಪೇಸ್ಟ್ ಬಳಸಿದ ಅರ್ಧ ಗಂಟೆಯ ಮೇಲೆ ಮುಕ್ಕಳಿಸಬೇಕು, ಇಲ್ಲದಿದ್ದರೆ ಪೇಸ್ಟಿನ ನೊರೆಯ ಅಂಶ ಅದನ್ನು ನಿಷ್ಫಲ ಮಾಡುತ್ತದೆ. ಚಹಾ-ಕಾಫಿ ಕುಡಿಯುವವರಿಗೆ ಕಲೆ ಬೇಗ ಕೂರುತ್ತದೆ. ಪಾಲಿಶ್ ಮಾಡಿದರೆ ಹೋಗುತ್ತದೆ. ಆಳದ ಕೀವಿಗೆ ಮೌತ್‌ವಾಷ್ ಇಳಿಯುವುದೇ ಇಲ್ಲ.

ನಿಮಗೆ ಬೇಕಿರುವುದು ಬೇರಿನ ಸ್ವಚ್ಛತೆ, ಆಳ ಉಳಿದರೆ ವಸಡು ಬಿಡಿಸಿ ಮಾಡುವ ಫ್ಲಾಪ್ ಸರ್ಜರಿ, ಆಮೇಲೆ ಮೂರು ತಿಂಗಳಿಗೊಮ್ಮೆ ತಪಾಸಣೆ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಇಳಿಯುವುದಿಲ್ಲ. ಹಾಗಾಗಿ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ, ಇತ್ತೀಚಿನ ಎಚ್‌ಬಿಎ1ಸಿ ವರದಿ ಹಿಡಿದು ಹೋಗಿ. ಬಿಪಿಗೆ ಅಮ್ಲೋಡಿಪಿನ್ ಇದ್ದರೆ ಅದನ್ನೂ ತಿಳಿಸಿ, ಕೆಲವರಿಗೆ ಅದರಿಂದ ವಸಡು ದಪ್ಪವಾಗಿ ಬೆಳೆಯುತ್ತದೆ.

ರಾತ್ರಿ ಹೊತ್ತು ವಸಡಿನಿಂದಲೋ ಹಲ್ಲು ಕೀಳಿಸಿದ ಕುಳಿಯಿಂದಲೋ ರಕ್ತ ನಿಲ್ಲದಿದ್ದರೆ ಮನೆಯಲ್ಲಿ ಏನು ಮಾಡಬಹುದು? — ಶಿರಸಿ

ಮುಕ್ಕಳಿಸಬೇಡಿ, ಪದೇ ಪದೇ ಉಗುಳಬೇಡಿ; ಹೆಪ್ಪುಗಟ್ಟಿದ್ದು ಕಿತ್ತು ಹೋಗುತ್ತದೆ. ಸ್ವಚ್ಛ ಗಾಜ್ ಬಟ್ಟೆಯನ್ನು ದಪ್ಪಗೆ ಮಡಚಿ, ಒದ್ದೆ ಮಾಡಿ ಹಿಂಡಿ, ರಕ್ತ ಬರುವ ಜಾಗದ ಮೇಲೇ ಇಟ್ಟು 30 ನಿಮಿಷ ಬಿಗಿಯಾಗಿ ಕಚ್ಚಿರಿ. ಹತ್ತಿ ಬೇಡ, ಎಳೆ ಅಂಟುತ್ತದೆ. ನಿಂತಿತೇ ಎಂದು ನಡುನಡುವೆ ತೆಗೆದು ನೋಡಬೇಡಿ. ತಲೆ ಎತ್ತರಕ್ಕಿಟ್ಟು ಕೂತಿರಿ, ಬಿಸಿ ಕಾಫಿ ಬೇಡ, ಹೊಗೆ ಬೇಡ. ಎಂಜಲು ತಿಳಿಗೆಂಪಾಗಿದ್ದರೆ ಚಿಂತೆಯಿಲ್ಲ. ಅರ್ಧ ಗಂಟೆ ಕಚ್ಚಿದ ಮೇಲೂ ಬಾಯಿ ತುಂಬಾ ಕೆಂಪು ರಕ್ತ ಬರುತ್ತಿದ್ದರೆ, ತಲೆ ಸುತ್ತಿದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾಗಿದ್ದರೆ ಬೆಳಗಾಗುವವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ನುಂಗುವ ಮಾತ್ರೆಗಳ ಚೀಟಿ ಜೇಬಿನಲ್ಲಿರಲಿ.